ಬೇಡಕಿಹಾಳದ ಸಾಯಿರಾ ಮತ್ತು ಬಾಯಿ ಬಿಡದ ಕ್ಯಾಮೆರಾ

ಕೋಳಿ ಕೂಗುವ ಹೊತ್ತಿಗೇ ಬೇಡಕಿಹಾಳದ ಆ ಮನೆಯ ಹಿತ್ತಲಲ್ಲಿ ಹೆಂಗಸರ ಗದ್ದಲ ಎದ್ದಿದೆ. ನಾಲ್ಕು ಮೂಲೆಗೆ ನೀರು ತುಂಬಿದ ತಂಬಿಗೆ ಇಟ್ಟು, ಅವುಗಳ ಕೊರಳಿಗೆ ಬಿಳಿ ದಾರ ಸುತ್ತಿದ್ದಾರೆ. ನಡುವೆ ಮಣೆಯ ಮೇಲೆ ಮದುಮಗಳು ಸಾರಿಕಾ. ಮೈತುಂಬ ಅರಿಶಿನ, ತೊಯ್ದು ಅಂಟಿಕೊಂಡ ಸೀರೆ, ಚಳಿಗೆ ಕಟಕಟ ಎನ್ನುವ ಹಲ್ಲು. ಮದುವೆಯ ದಿನ ಬೆಳಗಿನ ಈ ಸ್ನಾನಕ್ಕೆ ಸುರಗಿ ಎನ್ನುತ್ತಾರೆ. ಗಂಡಸರು ಇತ್ತ ಸುಳಿಯುವಂತಿಲ್ಲ. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿದೆ.

ಅಗಳಿಯ ಈಚೆಗೆ ಕ್ಯಾಮೆರಾ ಹಿಡಿದು ನಿಂತವಳು ಸಾಯಿರಾ. ಓಢಣಿಯನ್ನು ಸೊಂಟಕ್ಕೆ ಬಿಗಿದು, ಬರಿಗಾಲಲ್ಲಿ ಕೆಸರಿಗಿಳಿದಿದ್ದಾಳೆ. ಕೊರಳಲ್ಲಿ ಒಂದು ಕ್ಯಾಮೆರಾ, ಕೈಯಲ್ಲಿ ಇನ್ನೊಂದು.

"ಏ ಸಾಯಿರಾ, ನನ್ನ ಹೊಟ್ಟಿ ಬರೂಹಂಗ ತಗೀಬ್ಯಾಡ ಬೇ," ಎಂದು ನೀರು ಹೊಯ್ಯುತ್ತಿದ್ದವಳು ಕೂಗುತ್ತಾಳೆ.

"ಹೊಟ್ಟಿ ಬಿಟ್ಟ ತಗದ್ರ ನೀ ಯಾರಂತ ಗುರ್ತ ಸಿಗೂದಿಲ್ಲಕ್ಕಾ!"

ಹಿತ್ತಲೆಲ್ಲ ನಗು. ನೀರು ಹೊಯ್ಯುವವಳೂ ನಗುತ್ತಾಳೆ, ನಡುಗುತ್ತಿದ್ದ ಸಾರಿಕಾಳೂ ನಗುತ್ತಾಳೆ. ಸಾಯಿರಾ ಕಾಯುತ್ತಿದ್ದದ್ದು ಆ ನಗುವಿಗೆ. ಗುಂಡಿ ಒತ್ತುತ್ತಾಳೆ.

ಚಿಕ್ಕೋಡಿ, ನಿಪ್ಪಾಣಿ ಸುತ್ತಲಿನ ಹಳ್ಳಿಗಳಲ್ಲಿ ಮದುವೆಗೆ ಫೋಟೊದವರು ಬೇಕಾದಷ್ಟು ಮಂದಿ ಇದ್ದಾರೆ. ತಲೆಯ ಮೇಲೆ ಡ್ರೋನ್ ಹಾರಿಸುವವರೂ ಇದ್ದಾರೆ. ಆದರೆ ಸುರಗಿ, ಬಸುರಿಯ ಕುಬಸ, ಮುಸ್ಲಿಮರ ಮನೆಯ ಮೆಹಂದಿ, ಬಾಣಂತಿಯ ಕೋಣೆಗಳಲ್ಲಿ ಅವರಿಗೆ ಪ್ರವೇಶವಿಲ್ಲ. ಅಲ್ಲಿಗೆ ಸಾಯಿರಾ ಹೋಗುತ್ತಾಳೆ. ಹೆಂಗಸರು ಅವಳ ಮುಂದೆ ಸೆರಗು ಜಾರಿದರೂ ಲೆಕ್ಕಿಸದೆ ಕುಣಿಯುತ್ತಾರೆ, ಬುರ್ಖಾ ಬದಿಗಿಟ್ಟು ಜಡೆ ಬಿಚ್ಚುತ್ತಾರೆ, ಗಂಡನ ಅಣಕ ಮಾಡುತ್ತಾರೆ. ಈ ಸಲಿಗೆ ಪುಕ್ಕಟೆ ಬಂದದ್ದಲ್ಲ. ಅದಕ್ಕೊಂದು ಕಟ್ಟಳೆ ಇದೆ, ಮಾಡಿಕೊಂಡವಳು ಸಾಯಿರಾಳೇ.

ಕೆಲಸ ಮುಗಿದ ಕೂಡಲೇ ಎಲ್ಲರ ಕಣ್ಣೆದುರಿಗೆ ಕ್ಯಾಮೆರಾದ ಹೊಟ್ಟೆ ತೆರೆದು ಮೆಮೊರಿ ಕಾರ್ಡ್ ಹೊರಗೆ ತೆಗೆಯುತ್ತಾಳೆ. ಮನೆಯ ಹಿರಿಯಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಬೇಕು. ಮುಂದೆ ಬಿಡುವಾದಾಗ ಆ ಹಿರಿಯಳೇ ಸಾಯಿರಾಳ ಮನೆಗೆ ಬಂದು ಗಂಟು ಬಿಚ್ಚುತ್ತಾಳೆ. ಮನೆಯಲ್ಲಿರುವ ಪುಟ್ಟ ಪ್ರಿಂಟರಿನಿಂದ ಚಿತ್ರಗಳು ಒಂದೊಂದಾಗಿ ಹೊರಬೀಳುವ ತನಕ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಾಳೆ. ಬಳಿಕ ಕಾರ್ಡೂ ಅವಳದೇ, ಚಿತ್ರವೂ ಅವಳದೇ. ಫೋನಿಗೆ ಒಂದೂ ಹೋಗುವುದಿಲ್ಲ.

"ಫೋನಿಗೆ ಹೋದದ್ದು ಊರಿಗೆ ಹೋದಂಗ್ರಿ," ಎನ್ನುತ್ತಾಳೆ ಸಾಯಿರಾ. "ವರನ ತಮ್ಮ ಬರ್ತಾನ, 'ಭಾಬಿ, ವೈನಿದ ಒಂದ ಫೋಟೊ ಕಳಸ್ರಿ' ಅಂತಾನ. ಮದಮಗಳನ್ನ ಕೇಳು ಅಂತೀನಿ. ದೊಡ್ಡ ಫೋಟೊದವರು ಬರ್ತಾರ, 'ಆಲ್ಬಮ್ಮಿಗೆ ನಾಕ ಸುರಗಿ ಫೋಟೊ ಕೊಡಬೇ' ಅಂತಾರ. ಕೊಡೂದಿಲ್ಲ. ಸೊಕ್ಕು ಅಂತಾರ. ಅನ್ನಲಿ, ಸೊಕ್ಕ ಐತಿ."

ಸಾಯಿರಾ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಮದುವೆಯಾಗಿ ಬಂದ ಮೇಲೆ ಅತ್ತೆ ಸಕೀನಾಬಿಯ ಜೊತೆ ಮೊರ ಮುಂದಿಟ್ಟುಕೊಂಡು ಬೀಡಿ ಕಟ್ಟಿದಳು. ಗಂಡ ಶಾಹನವಾಜ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಅಥಣಿಯಲ್ಲಿ ಪಾಸ್‌ಪೋರ್ಟ್ ಫೋಟೊದ ಅಂಗಡಿ ಇಟ್ಟಿದ್ದ ಸೋದರಮಾವ ಶಮಶೇರ, ಎಲ್ಲರ ಕೈಗೂ ಫೋನು ಬಂದು ಅಂಗಡಿ ಮುಚ್ಚಿದಾಗ, ಚಿಕ್ಕದೊಂದು ಕ್ಯಾಮೆರಾವನ್ನೂ ಆ ಪ್ರಿಂಟರನ್ನೂ ಸಾಯಿರಾಳಿಗೆ ಕೊಟ್ಟ. ಆ ಕ್ಯಾಮೆರಾ ಬಹಳ ವರ್ಷ ದುಡಿಯಿತು. ಕಳೆದ ಮಳೆಗಾಲದಲ್ಲಿ ಒಂದು ದಿನ ಅದರ ಲೆನ್ಸಿನ ಮೂತಿ ಮುಂದೆ ಚಾಚಿದ್ದು ಒಳಗೆ ಹೋಗಲೇ ಇಲ್ಲ. ಬಿಚ್ಚಿಸಿದರೆ ಒಳಗೆಲ್ಲ ತಂಬಾಕಿನ ಪುಡಿ.

"ನನ್ನ ಕೆಮ್ಮ ಅದಕ್ಕೂ ಹತ್ತಿತ್ತು," ಎಂದು ಸಕೀನಾಬಿ ಬೀಡಿಗೆ ದಾರ ಸುತ್ತುತ್ತಲೇ ನಗುತ್ತಾಳೆ.

ಮದುವೆಯ ಕಾಲ ಬಾಗಿಲಿಗೆ ಬಂದಿತ್ತು. ನಿಪ್ಪಾಣಿಯಲ್ಲಿ ಹಳೆಯ ಕ್ಯಾಮೆರಾ ಕೊಂಡು ಮಾರುವ ಉತ್ತಮನ ಅಂಗಡಿಯಲ್ಲಿ ಸಾಯಿರಾ ಎರಡನ್ನು ಆರಿಸಿದಳು. ಎರಡೂ ಹೊಸಬರು ಕೈಕುದುರಿಸಿಕೊಳ್ಳಲು ಕೊಳ್ಳುವಂಥವು. ಬೆಲೆಯೂ ಹೆಚ್ಚುಕಮ್ಮಿ ಒಂದೇ. ಒಂದು ತೆಳ್ಳಗೆ, ಅಂಗೈಯಲ್ಲಿ ಕೂರುವಂಥದ್ದು. ಪರದೆ ಮಡಚಿ ತಿರುಗಿಸಬಹುದು. ಸದ್ದಿಲ್ಲ, ಮಸುಕು ಬೆಳಕಿನಲ್ಲಿಯೂ ಮುಖ ಹೊಳೆಯುತ್ತದೆ. ಉತ್ತಮ ಸ್ವತಃ ಬಳಸುತ್ತಿದ್ದ ಕ್ಯಾಮೆರಾ ಅದು. ಇನ್ನೊಂದು ಹಳೆಯ ಮಾದರಿ. ದಪ್ಪ, ಭಾರ. ಕಿಂಡಿಗೆ ಕಣ್ಣಿಟ್ಟು ನೋಡಬೇಕು, ಒತ್ತಿದರೆ ಖಟಕ್ ಎಂದು ಪಕ್ಕದ ಮನೆಗೂ ಕೇಳುತ್ತದೆ. ಎರಡನ್ನೂ ಒಂದು ಸುರಗಿಗೆ ಒಯ್ದು ನೋಡಿಕೊಂಡು ಬರಲು ಉತ್ತಮ ಒಪ್ಪಿದ. ಮನೆಗೆ ತಂದಾಗ ಸಕೀನಾಬಿ ಎರಡಕ್ಕೂ ಹೆಸರಿಟ್ಟಳು. ತೆಳ್ಳನೆಯದು ಸಾಬಾಣ, ಸಾಬೂನಿನ ಬಿಲ್ಲೆಯಂತೆ. ದಪ್ಪನೆಯದು ಇಟ್ಟಂಗಿ, ಇಟ್ಟಿಗೆಯಂತೆ.

ಸಾಯಿರಾಳ ಮನಸ್ಸು ಸಾಬಾಣದ ಮೇಲೆ. ಅದನ್ನು ಅವಳು ಮುಚ್ಚಿಡುವುದೂ ಇಲ್ಲ. "ಕೈಯಾಗ ಹಿಡದ ಕೂಡ್ಲೇ ನನ್ನ ಅನಸ್ತು. ಸಾರಿಕಾನ ರೆಪ್ಪಿ ಮ್ಯಾಗಿನ ನೀರಿನ ಹನಿ ಸುದ್ದಾ ಬಂದಿತ್ತರಿ, ಫ್ಲ್ಯಾಶ್ ಇಲ್ದ."

ಸಾರಿಕಾಳ ಸುರಗಿ ಮುಗಿಯುವಷ್ಟರಲ್ಲಿ ಸಾಬಾಣದ ಬ್ಯಾಟರಿ ಸತ್ತಿತು. ಅದರ ಚಾರ್ಜರ್ ಅಂಗಡಿಯಲ್ಲೇ ಉಳಿದಿತ್ತು. ಎರಡೂ ಕಾರ್ಡುಗಳು ಎಂದಿನಂತೆ ಸಾರಿಕಾಳ ಸೋದರತ್ತೆ ಮಲಕವ್ವನ ಸೆರಗಿಗೆ ಸೇರಿದವು. ಮದುವೆಯ ಗದ್ದಲ ಇಳಿದ ಮೇಲೆ ಸಾಯಿರಾ, ಹಿಂದೆಂದೂ ಮಾಡದ ಒಂದು ಕೆಲಸ ಮಾಡಿದಳು. ಎರಡು ಕ್ಯಾಮೆರಾದ ಚಿತ್ರಗಳನ್ನು ಅವುಗಳ ಪರದೆಯ ಮೇಲೆಯೇ ಅಕ್ಕಪಕ್ಕ ಇಟ್ಟು ನೋಡಿ ತೀರ್ಮಾನಿಸೋಣವೆಂದು ಮಲಕವ್ವನನ್ನು ಕಾರ್ಡುಗಳ ಸಮೇತ ನಿಪ್ಪಾಣಿಗೆ ಕರೆದುಕೊಂಡು ಹೋದಳು. ಗಂಟು ಮನೆಯ ಹೊರಗೆ ಬಿಚ್ಚಿದ್ದು ಅದೇ ಮೊದಲು.

ಅಂಗಡಿಯಲ್ಲಿ ಇಬ್ಬರೂ ಮೂಲೆಗೆ ಸರಿದು ಗೋಡೆಯ ಕಡೆ ಮುಖ ಮಾಡಿ ನಿಂತರು. ಮಲಕವ್ವ ಸೆರಗನ್ನು ಪರದೆಯಂತೆ ಹಿಡಿದಳು. ಉತ್ತಮ ಚಾರ್ಜ್ ಮಾಡಿಟ್ಟ ಬ್ಯಾಟರಿ ಕೊಟ್ಟು ತನ್ನ ಕೌಂಟರಿಗೆ ಹೋದ. ಸಾಯಿರಾ ಸಾಬಾಣಕ್ಕೆ ಕಾರ್ಡ್ ಹಾಕಿ ಚಾಲೂ ಮಾಡಿದಳು. ಸಾರಿಕಾಳ ಮುಖ ಪರದೆಯ ಮೇಲೆ ಮೂಡಿತು.

ಅಷ್ಟರಲ್ಲಿ ಬೆನ್ನ ಹಿಂದೆ ಕೌಂಟರಿನ ಮೇಲೆ ಟಿಣ್ ಎಂದಿತು. ಮತ್ತೊಮ್ಮೆ ಟಿಣ್. ಆಮೇಲೆ ಬಿಡದೆ ಟಿಣ್ ಟಿಣ್.

ಮಲಕವ್ವ ತಿರುಗಿ ನೋಡಿದಳು. ಉತ್ತಮನ ಫೋನಿನಲ್ಲಿ ತೊಯ್ದ ಸೀರೆಯ ಸಾರಿಕಾ. ಅದರ ಹಿಂದೆಯೇ ಇನ್ನೊಂದು ಚಿತ್ರ ಇಳಿಯುತ್ತಿತ್ತು.

"ಸಾಯಿರಾ! ನನ್ನ ಸೊಸಿ ಇವನ ಫೋನಿನ್ಯಾಗ ಯಾಕ ಅದಾಳ?"

"ಅಯ್ಯೋ ಭಾಬಿ, ನಾ ಏನೂ ಮಾಡಿಲ್ಲ, ಆಪೋಆಪ ಬರಾಕತ್ತಾವ," ಎಂದು ಉತ್ತಮ ಗಾಬರಿಯಾದ. ಕ್ಯಾಮೆರಾಗೂ ಅವನ ಫೋನಿಗೂ ಹಿಂದೆಯೇ ಬ್ಲೂಟೂತ್ ಜೋಡಣೆಯಾಗಿತ್ತು. ತೆಗೆದ ಚಿತ್ರ ತಾನಾಗಿಯೇ ಫೋನಿಗೆ ಹೋಗಲೆಂದು ಅವನೇ ಮಾಡಿಟ್ಟು ಮರೆತಿದ್ದ. ಎರಡೂ ಹತ್ತಿರ ಬಂದದ್ದೇ ತಡ, ಸುರಗಿಯ ಚಿತ್ರಗಳು ಸಾಲುಗಟ್ಟಿದವು.

ಸಾಯಿರಾ ಕ್ಯಾಮೆರಾ ಬಂದ್ ಮಾಡಿ ಕೌಂಟರಿಗೆ ಬಂದಳು. "ಉತ್ತಮದಾದಾ, ಫೋನ್ ಇಲ್ಲಿ ಕೊಡು. ನೀ ಗ್ವಾಡಿ ಕಡೆ ತಿರಗು."

"ಭಾಬಿ, ನಂದ..."

"ತಿರಗು ಅಂದ್ನಿ."

ಅವನು ತಿರುಗಿದ. ಚಿತ್ರಗಳು ಮತ್ತೆಲ್ಲೂ ಹೋಗದಂತೆ ಸಾಯಿರಾ ಮೊದಲು ನೆಟ್ ಬಂದ್ ಮಾಡಿದಳು. ಮಲಕವ್ವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದನ್ನೇ ತೋರಿಸಿ ಅಳಿಸಿದಳು. ಅಳಿಸಿದ್ದು ಹೋಗಿ ಕೂರುವ ಕಸದ ಡಬ್ಬಿಯನ್ನೂ ತೆರೆದು ಖಾಲಿ ಮಾಡಿದಳು. ಫೋನಿನ ಕವಚ ಕೊಳ್ಳಲು ಬಂದಿದ್ದ ಗಿರಾಕಿಯೊಬ್ಬ ನಕ್ಕ. "ಒಂದ ಫೋಟೊಕ್ಕ ಇಷ್ಟ ದಂಗಲ್ ಯಾಕ್ರಿ ತಾಯಿ?"

"ನಿಮ್ಮ ಅಕ್ಕನ ಸುರಗಿ ಫೋಟೊ ತಂದ ಈ ಕೌಂಟರಿನ ಮ್ಯಾಗ ಇಡ್ರಿ," ಎಂದಳು ಸಾಯಿರಾ, ತಲೆ ಎತ್ತದೆ. "ಆಮ್ಯಾಲ ಮಾತಾಡೂಣು."

ಗಿರಾಕಿ ಕವಚ ಕೊಳ್ಳದೆ ಹೊರಟುಹೋದ.

ಚಿತ್ರಗಳು ಅಳಿದವು, ಮಲಕವ್ವನ ಸಿಟ್ಟು ಅಳಿಯಲಿಲ್ಲ. "ಇವತ್ತ ನನ್ನ ಕಣ್ಣಿಗೆ ಬಿತ್ತು, ಆತು. ಬೀಳದಿದ್ರ? ನಾಳೆ ನಿನ್ನ ಯಾರ ಒಳಗ ಕರಕೊಂತಾರ? ನಾ ಊರಾಗ ಹೇಳಾಕಿನ, ನೋಡು. ಮುಚ್ಚಿಡೂದಿಲ್ಲ."

"ಹೇಳ್ರಿ ಕಾಕೂ. ನಾನೂ ಹೇಳ್ತೀನಿ. ಗಂಟ ಹೊರಗ ಬಿಚ್ಚಿಸಿದ್ದು ನಂದ ತಪ್ಪು."

ಉತ್ತಮ ಗೋಡೆಯ ಕಡೆಯಿಂದಲೇ ಮೆಲ್ಲಗೆ ಹೇಳಿದ, "ಸೆಟ್ಟಿಂಗನ್ಯಾಗ ಅದನ್ನ ಬಂದ್ ಮಾಡಾಕ ಬರ್ತೈತ್ರಿ ಭಾಬಿ. ಒಂದ ಸಲ ಬಂದ್ ಮಾಡಿದ್ರ ಮುಗೀತು. ಅಷ್ಟಕ್ಕ ಯಾಕ ಚಲೋ ಮಾಲ ಬಿಡ್ತೀರಿ?"

ಅವನು ಹೇಳಿದ್ದು ನಿಜ. ಸಾಯಿರಾಳಿಗೂ ಗೊತ್ತು. ಸಾಬಾಣವನ್ನು ಅವಳು ಇನ್ನೂ ಕೈಯಲ್ಲೇ ಹಿಡಿದಿದ್ದಳು. ಇಷ್ಟು ಹಗುರವಾದದ್ದು, ಇಷ್ಟು ಚೆಂದ ನೋಡುವಂಥದ್ದು ಅವಳ ಕೈಗೆ ಮತ್ತೆ ಯಾವಾಗ ಬಂದೀತು?

"ಬಂದ್ ಮಾಡಬಹುದು, ಖರೆ," ಎಂದಳು. "ಆದ್ರ ಬಂದ್ ಐತಿ ಅಂತ ಇವ್ರಿಗೆ ನಾ ಹ್ಯಾಂಗ ತೋರಸ್ಲಿ? ಕಾರ್ಡ ತಗದ್ರ ಕಣ್ಣಿಗೆ ಕಾಣತೈತಿ. ಗಂಟ ಕಟ್ಟಿದ್ರ ಕೈಗೆ ಹತ್ತತೈತಿ. ಸೆಟ್ಟಿಂಗ್ ಯಾರ ಕೈಗೆ ಹತ್ತತೈತಿ ದಾದಾ? ನನ್ನ ಮಾತಿನ ಮ್ಯಾಲ ನಂಬ್ರಿ ಅನ್ನಬೇಕು. ಮಾತು ಎಲ್ಲಾರೂ ಕೊಡ್ತಾರ."

ಮಲಕವ್ವ ಇಟ್ಟಂಗಿಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದಳು. "ಇದಕ್ಕ ಆ ಟಿಣ್ ಟಿಣ್ ಇಲ್ಲೇನೋ?"

"ಇಲ್ಲರಿ ಅವ್ವಾ. ಹಳೇ ಮಾಡಲ್ಲು. ಬ್ಲೂಟೂತೂ ಇಲ್ಲ, ವೈಫೈನೂ ಇಲ್ಲ."

"ಏನೂ ಇಲ್ಲಂದ್ರ ಅದ ಬೇಷಿ."

ಸಾಯಿರಾ ಸಾಬಾಣವನ್ನು ಕೌಂಟರಿನ ಮೇಲಿಟ್ಟು ಇಟ್ಟಂಗಿಯನ್ನು ಕೊರಳಿಗೆ ಹಾಕಿಕೊಂಡಳು. ಕಾರ್ಡುಗಳು ಮಲಕವ್ವನ ಸೆರಗಿಗೆ ಮರಳಿದವು.

ಮಲಕವ್ವ ಹೇಳಿದಂತೆಯೇ ಮಾಡಿದಳು. ಸುದ್ದಿ ಊರೆಲ್ಲ ಹರಡಿತು. ಒಪ್ಪಿಕೊಂಡಿದ್ದ ಒಂದು ಮೆಹಂದಿ ತಪ್ಪಿತು. "ನಮ್ಮ ಹುಡುಗ್ಯಾರ ಬ್ಯಾಡ ಅಂತಾರ" ಎಂದರು. ಬೀಡಿ ಎಲೆ ಕತ್ತರಿಸುತ್ತ ಸಕೀನಾಬಿ ಸೊಸೆಗೆ ಚುಚ್ಚಿದಳು, "ಮೊರ ಇಲ್ಲೇ ಐತಿ ನೋಡವ್ವಾ, ಎಲ್ಲೂ ಹೋಗಿಲ್ಲ." ಸಾಯಿರಾ ಮೊರದ ಮುಂದೆ ಕೂರಲಿಲ್ಲ. ಯಾರೂ ಕರೆಯದಿದ್ದರೂ ಇಟ್ಟಂಗಿಯನ್ನು ಹೆಗಲಿಗೇರಿಸಿ ಮನೆಮನೆಗೆ ಹೋದಳು. ನಿಪ್ಪಾಣಿಯಲ್ಲಿ ಏನಾಯಿತೆಂದು ತಾನೇ ಹೇಳಿದಳು. ಕ್ಯಾಮೆರಾವನ್ನು ಹೆಂಗಸರ ಮುಂದಿಟ್ಟು, "ನೀವ ನೋಡ್ರಿ" ಎಂದಳು.

ಕೊನೆಗೆ ಸುಂದರಾ ಎಂಬವಳ ಕುಬಸದ ಮನೆಯಲ್ಲಿ ಹೆಂಗಸರು ನೋಡಿಯೇ ಬಿಟ್ಟರು. ಅವರ ಪರೀಕ್ಷೆ ಅವರದೇ. ಇಟ್ಟಂಗಿಯನ್ನು ಚಾಪೆಯ ನಡುವೆ ಇಟ್ಟು, ಮನೆಯಲ್ಲಿದ್ದ ಫೋನುಗಳನ್ನೆಲ್ಲ ತಂದು ಸುತ್ತ ಜೋಡಿಸಿದರು. ಸಾಯಿರಾ ಬಸುರಿಯ ಹಸಿರು ಬಳೆಯ ಕೈಯ ಚಿತ್ರಗಳನ್ನು ಒಂದರ ಹಿಂದೊಂದು ತೆಗೆಯುತ್ತ ಹೋದಳು. ಖಟಕ್, ಖಟಕ್. ಎಲ್ಲರೂ ಫೋನುಗಳನ್ನೇ ನೋಡಿದರು. ಒಂದೇ ಒಂದು ಫೋನು ರಿಂಗಾಯಿತು. ಎಲ್ಲರೂ ಹೌಹಾರಿದರು. ಊಟ ಯಾವಾಗ ಎಂದು ಕೇಳಲು ಸುಂದರಾಳ ಗಂಡ ಅಂಗಳದಿಂದ ಮಾಡಿದ್ದ ಕರೆ ಅದು.

"ಇದು ಬಾಯಿ ಬಿಡೂದಿಲ್ಲ ಬಿಡ್ರವಾ," ಎಂದವಳು ಬೇರೆ ಯಾರೂ ಅಲ್ಲ, ಆ ಕುಬಸಕ್ಕೆ ಬಂದಿದ್ದ ಮಲಕವ್ವ. "ಇನ್ನ ಕುಣೀರಿ."

ಇಟ್ಟಂಗಿ ಮಸುಕಿನಲ್ಲಿ ಕುರುಡು. ಸಾಬಾಣದಂತೆ ರೆಪ್ಪೆಯ ಹನಿ ಹಿಡಿಯುವುದಿಲ್ಲ. ಹಾಗೆಂದು ಸಾಯಿರಾ ಫ್ಲ್ಯಾಶ್ ಹೊಡೆಯುವುದಿಲ್ಲ. ಹಿಂದಿನ ದಿನವೇ ಹೋಗಿ ಮಣೆ ಎಲ್ಲಿ ಹಾಕಬೇಕೆಂದು ತೋರಿಸುತ್ತಾಳೆ, ಮೂಡಣದ ಬೆಳಕು ಬೀಳುವ ಕಡೆಗೆ. ಹೊತ್ತು ಮೂಡುವ ತನಕ ಸುರಗಿ ನಿಲ್ಲಿಸಿರಿ ಎಂದು ಹಿರಿಯರೊಂದಿಗೆ ವಾದಕ್ಕೆ ನಿಲ್ಲುತ್ತಾಳೆ. ಕೆಲವರು ಬೈಯುತ್ತಾರೆ. ಹೆಚ್ಚಿನವರು ನಿಲ್ಲಿಸುತ್ತಾರೆ. ತಂಬಾಕಿನ ಪುಡಿ ಹಾರುವ ಮನೆಯಲ್ಲಿ ಲೆನ್ಸ್ ಬಿಚ್ಚುವುದಿಲ್ಲ. ಡ್ರೋನಿನವರು ದಾರಿಯಲ್ಲಿ ಸಿಕ್ಕಾಗ "ಡಬ್ಬಾ ಭಾಬಿ" ಎನ್ನುತ್ತಾರೆ. "ನಿಮ್ಮ ಡ್ರೋನ ಹಿತ್ತಲದ ಮ್ಯಾಗ ಬಂದ್ರ ಮುಸರಿ ನೀರ ಉಗ್ಗತೇವಿ," ಎನ್ನುತ್ತಾಳೆ. ಹಾಗೆ ಒಮ್ಮೆ ಎರಚಿದ್ದೂ ಉಂಟು.

ಈ ಬರಹದ ಜೊತೆ ಅಚ್ಚು ಹಾಕಲು ಅವಳು ತೆಗೆದ ಒಂದು ಒಳ್ಳೆಯ ಚಿತ್ರ ಬೇಕಿತ್ತು. ಮುಖ ಮಸುಕು ಮಾಡಿದರೂ ನಡೆದೀತು, ಕೆಳಗೆ ನಿಮ್ಮ ಹೆಸರು ಬರಲಿ ಎಂದು ಕೇಳಿದರೆ ಸಾಯಿರಾ ನಕ್ಕು ತಲೆ ಅಲ್ಲಾಡಿಸುತ್ತಾಳೆ. ಹೆಸರು ಬರಲೆಂಬ ಆಸೆ ಅವಳಿಗೂ ಇದೆ. ಓಢಣಿಯ ಅಂಚನ್ನು ಬೆರಳಿಗೆ ಸುತ್ತುತ್ತ ಹೇಳುತ್ತಾಳೆ:

"ನನ್ನ ಚಲೋ ಫೋಟೊ ನನ್ನ ಕಡೆ ಇಲ್ಲರಿ. ಅಲಖನೂರಾಗ ಒಬ್ಬಾಕಿ ಟ್ರಂಕಿನ್ಯಾಗ ಐತಿ, ಕಾಗವಾಡದಾಗ ಒಬ್ಬಾಕಿ ಗಾದಿ ಬುಡಕ ಐತಿ. ಅವ್ರು ಬಾಗಲಾ ಹಾಕ್ಕೊಂಡ ನೋಡ್ತಾರ, ನಗ್ತಾರ, ಮತ್ತ ಇಡ್ತಾರ. ನಾ ತಗದದ್ದು ಅವ್ರ ಸಲುವಾಗಿ. ನಿಮ್ಮ ಪೇಪರನ್ಯಾಗ ನನ್ನ ಹೆಸರ ಹಾಕ್ರಿ, ಬಾಜೂಕ ಫೋಟೊದ ಜಾಗಾ ಖಾಲಿ ಬಿಡ್ರಿ."