ಚೌಕಿಪೂಜೆಗೆ ನಿಲ್ಲಬೇಕಾದವಳು

ಪರದೇಶಕ್ಕೆ ಓದಲು ಹೋದವರು ಮನೆ ನೆನಪಾಗಿ ದಿಂಬು ಒದ್ದೆ ಮಾಡಿಕೊಂಡೆವು ಎಂದು ಹೇಳುವುದನ್ನು ಕೇಳಿದಾಗೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನ್ನ ಮನೆಯವರು ನನಗೆ ನೆನಪು ಮಾಡಿಕೊಳ್ಳಲು ಪುರುಸೊತ್ತು ಕೊಟ್ಟಿದ್ದರೆ ತಾನೆ? ಎಂಎಸ್ಸಿ ಓದುವಾಗ ವಿನಿಮಯ ವಿದ್ಯಾರ್ಥಿನಿಯಾಗಿ ಒಂದು ಸೆಮಿಸ್ಟರ್ ಪೋಲೆಂಡಿನಲ್ಲಿದ್ದೆ. ಜೊತೆಗೆ ಬಂದವರು ರಜೆ ಸಿಕ್ಕಾಗ ಕೋಟೆ, ಚರ್ಚು, ಹಿಮದ ಬೆಟ್ಟ ಎಂದು ಸುತ್ತಿದರು. ನಾನು ಹಾಸ್ಟೆಲಿನ ಕಿಟಕಿಯ ಪಕ್ಕ ಕೂತು ನಮ್ಮೂರು ಬೈಂದೂರಿನೊಂದಿಗೆ ಫೋನಿನಲ್ಲಿ ಜಗಳವಾಡಿದೆ.

ಜಗಳಕ್ಕೆ ಕಾರಣ ಒಂದು ಹರಕೆ. ನಾನು ತೊಟ್ಟಿಲು ಬಿಟ್ಟು ನಡೆಯಲು ಕಲಿತ ಸುಮಾರಿಗೆ ನ್ಯುಮೋನಿಯಾ ಆಗಿ ಕುಂದಾಪುರದ ಆಸ್ಪತ್ರೆಯಲ್ಲಿದ್ದೆನಂತೆ. ಡಾಕ್ಟರು ಮಾತು ಕಡಿಮೆ ಮಾಡಿದ್ದು ಕಂಡು ಅಮ್ಮ ಅಲ್ಲೇ ಕೈಮುಗಿದಳು. ಮಗು ಉಳಿದರೆ ಒಂದು ಆಟ ಆಡಿಸುತ್ತೇನೆ ಎಂದು ದೇವಿಗೆ ಹೇಳಿಕೊಂಡಳು. ನಮ್ಮ ಕಡೆ ಆಟ ಎಂದರೆ ಯಕ್ಷಗಾನ. ದೇವಸ್ಥಾನದ ಕಲಾವಿದರ ಮೇಳವನ್ನು ಮನೆಯ ಹತ್ತಿರ ಕರೆಸಿ ಸೇವೆಯಾಗಿ ಆಡಿಸುವುದು. ಹೇಳಿಕೊಳ್ಳಲು ಒಂದು ಗಳಿಗೆ ಸಾಕು, ಆಡಿಸುವುದು ಹಾಗಲ್ಲ. ಹರಕೆ ಹೊತ್ತವರು ಅಷ್ಟು ಮಂದಿ ಇರುವುದರಿಂದ ಹೆಸರು ಬರೆಸಿ ವರ್ಷಗಟ್ಟಲೆ ಸರದಿ ಕಾಯಬೇಕು. ನಾನು ಗುಣವಾದೆ, ಶಾಲೆಗೆ ಹೋದೆ, ಬ್ರಹ್ಮಾವರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಪಿಯುಸಿ ಮಾಡಿದೆ, ಡಿಗ್ರಿಯೂ ಮುಗಿಯಿತು. ಸರದಿ ಬರಲಿಲ್ಲ. ನಾನು ವಿಮಾನ ಹತ್ತಿದ್ದೇ ತಡ, ಬಂತು. ಅದೂ ಯಾವ ದಿನಕ್ಕೆ? ನನ್ನ ಮುಖ್ಯ ವಿಷಯದ ಮೌಖಿಕ ಪರೀಕ್ಷೆಯ ಹಿಂದಿನ ದಿನಕ್ಕೆ. ಆ ಪರೀಕ್ಷೆ ತಪ್ಪಿದರೆ ಇಡೀ ಸೆಮಿಸ್ಟರ್ ಲೆಕ್ಕಕ್ಕಿಲ್ಲ. ಗೆಳತಿಯರೆಲ್ಲ ಪಾಸಾಗಿ ಹೋದ ಮೇಲೂ ನಾನು ಇನ್ನೊಂದು ವರ್ಷ ಅದೇ ಬೆಂಚಿನಲ್ಲಿ ಕೂತಿರಬೇಕಿತ್ತು.

"ದಿನ ಬದಲ್ಸುಕಾತಿಲ್ಯಾ ಅಮ್ಮ?" ಎಂದು ಕೇಳಿದೆ.

"ಈ ಸಲ ಬಿಟ್ರೆ ಮತ್ ಯಾವಾಗ ಸಿಕ್ಕತ್ತ್ ಅಂದ್ ದೇವ್ರಿಗೇ ಗೊತ್ತ್. ನಿನ್ ಪರೀಕ್ಷಿ ದಿನ ಬದಲ್ಸುಕೆ ಹೇಳ್."

"ನಾನ್ ಹೇಳಿರೆ ಕೇಂತ್ರಾ ಅಮ್ಮ ಅವ್ರ್?"

"ನಾನ್ ಹೇಳಿರೆ ಮೇಳದವ್ರ್ ಕೇಂತ್ರಾ?"

ದಿನಾ ಇದೇ ಮಾತು. ಆಟ ಶುರುವಾಗುವ ಮೊದಲು, ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ದೇವರಿಗೆ ಪೂಜೆಯಾಗುತ್ತದೆ. ಹರಕೆ ಯಾರ ಸಲುವಾಗಿ ಹೊತ್ತದ್ದೋ ಅವರೇ ಅಲ್ಲಿ ಕೈಮುಗಿದು ನಿಂತು ಪ್ರಸಾದ ತೆಗೆದುಕೊಳ್ಳಬೇಕು ಎಂದು ಅಮ್ಮನ ಹಠ. ಮನೆಯವರು ಯಾರು ನಿಂತರೂ ನಡೆಯುತ್ತದೆ ಎಂದು ಮೇಳದವರೇ ಹೇಳಿದರು. ಅಮ್ಮನ ತಲೆಗೆ ಅದು ಹೋಗಲಿಲ್ಲ. ಜ್ವರ ಬಂದದ್ದು ಮನೆಯವರಿಗೆಲ್ಲವೋ ನಿನಗೊಬ್ಬಳಿಗೋ ಎಂದು ನನ್ನನ್ನೇ ಕೇಳಿದಳು. ಜ್ವರ ಬಂದದ್ದೂ ನನ್ನದೇ ತಪ್ಪು ಎನ್ನುವ ಹಾಗೆ!

ಇಷ್ಟು ಸಾಲದು ಎಂದು ನಡುವೆ ಮಾವ ಬಂದರು. ಅಮ್ಮನ ಅಣ್ಣ, ಮುಂಬೈಯಲ್ಲಿ ಸಣ್ಣದೊಂದು ಹೋಟೆಲು ಇಟ್ಟುಕೊಂಡವರು. ಊರಲ್ಲಿ ಆಟವಿದ್ದರೆ ಹಿಂದಿನ ಸಂಜೆ ಬಸ್ಸು ಹತ್ತಿ ಬಂದು, ರಾತ್ರಿ ಆಟ ನೋಡಿ, ಮರುದಿನದ ಬಸ್ಸಿಗೆ ವಾಪಸು ಹೋಗಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು ಅವರಿಗೆ ನೀರು ಕುಡಿದಷ್ಟು ಸುಲಭ. ನಮ್ಮೂರಿನವರ ಲೆಕ್ಕದಲ್ಲಿ ಲೋಕದಲ್ಲಿರುವುದು ಎರಡೇ ಜಾಗ, ಊರು ಮತ್ತು ಮುಂಬೈ. ಪೋಲೆಂಡು ಮುಂಬೈಯಿಂದ ಸ್ವಲ್ಪ ಆಚೆಗಿನ ಸ್ಟಾಪು.

"ಅಲ್ಲ ಹೆಣ್ಣೆ, ನಾನ್ ಬಾಂಬೆಂದ ಬತ್ತಿಲ್ಯಾ? ಬಸ್ಸಲ್ಲಿ ನಾನೇ ಬಪ್ಪತಿಗೆ ವಿಮಾನದಗೆ ಬಪ್ಪುಕೆ ನಿಂಗೆಂತ ಕಷ್ಟ? ಆಟ ಕಂಡ್ಕಂಡ್, ಉಂಡ್ಕಂಡ್ ಹೋಯ್ಲಕ್ಕಲೆ."

ವಿಮಾನ ಎಲ್ಲೆಲ್ಲಿ ಬದಲಾಯಿಸಬೇಕು, ಮಂಗಳೂರಿಗೆ ಎಷ್ಟೊತ್ತಿಗೆ ಇಳಿಯುವುದು, ಆಟ ಬಿಟ್ಟು ಹೊರಟರೂ ಮರುದಿನದ ಪರೀಕ್ಷೆಗೆ ಮುಟ್ಟುವುದು ಯಾಕೆ ಸಾಧ್ಯವಿಲ್ಲ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಸಮಾಧಾನದಿಂದ ಕೇಳಿ, "ಪರೀಕ್ಷಿ ಒಂದೇ ಅಲ್ದಾ ಅಡ್ಡ? ಅದ್ ನಂಗೆ ಬಿಡ್" ಎಂದರು. ನಾನು ಆಗಲೇ ಹೆದರಬೇಕಿತ್ತು.

ಮರುವಾರ ಆ ಪರೀಕ್ಷೆ ನಡೆಸುವ ಪ್ರೊಫೆಸರು ನನ್ನನ್ನು ಕರೆಸಿದರು. ಯಾರಿಗೂ ಕೂರಿ ಎನ್ನದ ಹೆಂಗಸು, ಅವತ್ತು ಕುರ್ಚಿ ಎಳೆದು ಕೊಟ್ಟು, ಚಹಾ ಮಾಡಿ ಕೊಟ್ಟು, ನನ್ನ ಅಜ್ಜಿಯ ವಿಷಯ ಕೇಳಿ ತುಂಬಾ ಬೇಸರವಾಯಿತು ಎಂದರು. ನನಗೆ ಏನೆಂದು ಗೊತ್ತಾಗಲಿಲ್ಲ. ಅವರೇ ಕಂಪ್ಯೂಟರಿನ ಪರದೆ ತಿರುಗಿಸಿ ತೋರಿಸಿದರು. ಮಾವ ಹೋಟೆಲಿಗೆ ಬರುವ ಯಾರೋ ಗಿರಾಕಿಯಿಂದ ಕಾಲೇಜಿನ ವಿಳಾಸ ಹುಡುಕಿಸಿ, ಚಂದದ ಇಂಗ್ಲಿಷಿನಲ್ಲಿ ಇಮೇಲ್ ಬರೆಸಿ ಕಳಿಸಿದ್ದರು. ಅಜ್ಜಿಯ ಜೀವ ಹೋಗುವುದರಲ್ಲಿದೆಯಂತೆ, ಮೊಮ್ಮಗಳನ್ನು ನೋಡಬೇಕು ಎಂಬ ಒಂದೇ ಆಸೆಗೆ ನಿಂತಿದೆಯಂತೆ! ಪ್ರೊಫೆಸರು ನನ್ನ ಕೈಹಿಡಿದು, "ನೀನು ಹೋಗಿ ಬಾ. ಪರೀಕ್ಷೆಯನ್ನು ನೀನು ಬಂದ ಮೇಲೆ ಇಟ್ಟುಕೊಳ್ಳೋಣ" ಎಂದರು.

ಅದೇ ದಿನ ಬೆಳಿಗ್ಗೆ ಅಜ್ಜಿ ವಿಡಿಯೋ ಕಾಲಿನಲ್ಲಿ ಬಂಗುಡೆ ಮೀನು ಹೆಚ್ಚುತ್ತ, ನಾನು ತಲೆಗೆ ಎಣ್ಣೆ ಹಾಕುವುದಿಲ್ಲವೆಂದು ಕತ್ತಿ ಎತ್ತಿ ಬೈದಿದ್ದಳು.

ಒಂದು ಹೂಂ ಎಂದಿದ್ದರೆ ಸಾಕಿತ್ತು. ಅಮ್ಮನ ಹಠವೂ ನಡೆಯುತ್ತಿತ್ತು, ನನ್ನ ಪರೀಕ್ಷೆಯೂ ಉಳಿಯುತ್ತಿತ್ತು. ಆದರೆ ನನಗೆ ಅಷ್ಟು ಹೊತ್ತಿಗೆ ಎಲ್ಲರಿಂದಲೂ ರೋಸಿ ಹೋಗಿತ್ತು. ಗಟ್ಟಿಮುಟ್ಟಾಗಿರುವ ಅಜ್ಜಿಯನ್ನು ನನ್ನ ಕೈಯಲ್ಲೇ ಸಾಯಿಸಲು ಹೊರಟಿದ್ದಾರಲ್ಲ ಎಂದು ಮೈ ಉರಿಯಿತು. ಅಜ್ಜಿಗೆ ಏನೂ ಆಗಿಲ್ಲ ಎಂದೆ. ಹರಕೆ, ಮೇಳ, ಸರದಿ, ಚೌಕಿಪೂಜೆ, ಮಾವ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಪ್ರೊಫೆಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಂದರೆ ಇದು ನೀನು ಬದುಕಿದ್ದಕ್ಕೆ ದೇವರಿಗೆ ಸಲ್ಲಿಸುವ ಕೃತಜ್ಞತೆ?"

"ಹೌದು."

"ನೀನು ಬದುಕಿದ್ದೀಯ. ಹಾಗಾದರೆ ಪರೀಕ್ಷೆ ಹೇಳಿದ ದಿನವೇ."

ಹೊರಗೆ ಬಂದು ಮಾವನಿಗೆ ಫೋನು ಮಾಡಿ ಬಾಯಿಗೆ ಬಂದದ್ದು ಅಂದೆ. "ಒಳ್ಳೇದ್ ಮಾಡುಕೆ ಹೋರೆ ಹೀಂಗೇ ಆಪ್ದ್" ಎಂದು ಅವರೇ ಸಿಟ್ಟುಮಾಡಿಕೊಂಡು ಫೋನಿಟ್ಟರು. ಅಮ್ಮನಿಗೆ ಹೇಳುವಾಗ ದೊಡ್ಡ ರಾಮಾಯಣವೇ ಆಗುತ್ತದೆಂದು ತಯಾರಾಗಿದ್ದೆ. ಅಮ್ಮ ಇಡೀ ಕಥೆ ಕೇಳಿಸಿಕೊಂಡಳು. ಆಮೇಲೆ, "ಅಜ್ಜಿ ಸಾಯ್ತ್ ಅಂದ್ ಹೇಳಿ ಬಂದ್ ನೀ ಚೌಕಿಲಿ ನಿಂತ್ರೆ, ನಾನ್ ದೇವ್ರ ಮೊಕ ಕಾಂಬುದ್ ಹ್ಯಾಂಗೆ? ಅಲ್ಲೇ ಇರ್" ಎಂದಳು. ದನಿಯಲ್ಲಿ ಸಿಟ್ಟಿತ್ತು. ಯಾರ ಮೇಲೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆಟದ ದಿನ ಫೋನಿನಲ್ಲೇ ಪೂಜೆ ತೋರಿಸುವುದೆಂದಾಯಿತು. ಅಲ್ಲಿ ರಾತ್ರಿ ಊಟದ ಹೊತ್ತು, ನನಗಿನ್ನೂ ಸಂಜೆ. ಮಂಚದ ಮೇಲೆ ನೋಟ್ಸು ಹರಡಿಕೊಂಡು, ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟುಕೊಂಡು ಕೂತೆ. ಫೋನು ಹಿಡಿದವರು ಬಸ್ಸಿನಲ್ಲಿ ಬಂದಿಳಿದಿದ್ದ ಮಾವ. ಸುಮಾರು ಹೊತ್ತು ನನಗೆ ಕಂಡದ್ದು ಶಾಮಿಯಾನದ ಬಟ್ಟೆ, ಒಂದು ಟ್ಯೂಬ್‌ಲೈಟು ಮತ್ತು ಮಾವನ ಕಿವಿ. ಉಣ್ಣಲು ಬಂದ ಕೇರಿಯವರೆಲ್ಲ ಒಬ್ಬರಾದ ಮೇಲೊಬ್ಬರು ಫೋನು ಕಸಿದುಕೊಂಡು, ಅಲ್ಲಿ ಚಳಿಯಾ, ಮೀನು ಸಿಗುತ್ತದಾ ಎಂದು ಕೇಳಿದರು. ಸಿಗುತ್ತದೆ, ಸಿಗುತ್ತದೆ, ಪೂಜೆ ತೋರಿಸಿ ಎಂದು ಬೊಬ್ಬೆ ಹಾಕಿದೆ. ಅಂತೂ ಚೌಕಿಗೆ ತಂದು ದೇವರ ಎದುರಿಗೆ ಫೋನನ್ನು ನಿಲ್ಲಿಸಿದರು. ದೀಪ ಕಂಡಿತು. ಕೈಮುಗಿದೆ. ಅಷ್ಟರಲ್ಲಿ ಫೋನು ಕವುಚಿ ಬಿತ್ತು. ಕತ್ತಲೆಯೊಳಗೆ ಗಂಟೆಯ ಸದ್ದು, ಅದರ ಮೇಲೆ ಮಾವನ ಕೂಗು: "ಹ್ವಾಯ್, ಒಂಚೂರ್ ಬದಿಗ್ ನಿಲ್ಲಿ, ಹೆಣ್ಣಿಗೆ ಕಾಂತಿಲ್ಲ!" ಎತ್ತಿ ನಿಲ್ಲಿಸಿದ ಮೇಲೆ ಪೂಜೆ ಮಾಡಿದವರು ನನಗೆಂದು ಪ್ರಸಾದದ ಗಂಧವನ್ನು ಫೋನಿಗೇ ಹಚ್ಚಿದರು, ಸರಿಯಾಗಿ ಕ್ಯಾಮೆರಾದ ಮೇಲೆ. ಅಲ್ಲಿಂದ ಮುಂದೆ ಎಲ್ಲವೂ ಮಸುಕು ಹಳದಿ.

ಆ ಹಳದಿಯೊಳಗೆ ಅಮ್ಮನ ದನಿ ಬಂತು. ಫೋನು ತೆಗೆದುಕೊಂಡು ಮನೆಯ ಹಿಂದೆ ಹೋಗಿದ್ದಳೆಂದು ಕಾಣುತ್ತದೆ, ಚೆಂಡೆಯ ಬಡಿತ ದೂರದಲ್ಲಿ ಕೇಳುತ್ತಿತ್ತು.

"ಹೇಳ್ಕಂಡದ್ದ್ ಕೊಡ್ದೆ ಮಗು ಇಟ್ಕಂಡಿದ್ದೆ ಅಂದ್ ನಂಗೆ ಇಷ್ಟ್ ವರ್ಷ ಹೆದ್ರಿಕಿ. ನಿಂಗೆ ಒಂದ್ ಕೆಮ್ಮು ಬಂದ್ರೂ ನಿದ್ರಿ ಇಲ್ಲ. ನೀ ಅಷ್ಟ್ ದೂರ ಹೋದ್ ಮೇಲೆ ಕಣ್ಣೇ ಮುಚ್ಚಿದ್ದಿಲ್ಲ. ಇವತ್ತ್ ತೀರ್ತ್. ಇನ್ ನೀ ಎಲ್ ಬೇಕಾರೂ ಇರ್ ಮಗಾ, ನಾನೆಂತ ಹೇಳುದಿಲ್ಲ."

ನಾನು ಏನಾದರೂ ಅನ್ನುವ ಮೊದಲೇ ಬಡಿಸಲು ಯಾರೋ ಕರೆದರು, ಫೋನು ಕಟ್ಟಾಯಿತು. ನನ್ನ ಪಾಡಿಗೆ ನನ್ನನ್ನು ಬಿಟ್ಟುಬಿಡಿ ಎಂದು ತಿಂಗಳುಗಟ್ಟಲೆ ಅರಚಿದವಳು ನಾನು. ಬಿಟ್ಟರಲ್ಲ, ಈಗ ಯಾಕೆ ನನಗೆ ಸಿಟ್ಟು ಬರಬೇಕು? ಬಂತು. ನೋಟ್ಸನ್ನೆಲ್ಲ ನೆಲಕ್ಕೆ ದೂಡಿ, ಮತ್ತೆ ನಾನೇ ಹೆಕ್ಕಿಕೊಂಡೆ.

ಪರೀಕ್ಷೆ ಚೆನ್ನಾಗಿಯೇ ಆಯಿತು. ಪಾಸು ಎಂದು ಅಲ್ಲೇ ಹೇಳಿದರು. ಮೆಟ್ಟಿಲಿಳಿಯುತ್ತಲೇ ಮನೆಗೆ ಫೋನು ಮಾಡಿದೆ. ಅಲ್ಲಿ ಆಗಷ್ಟೇ ಸಂಜೆ ದೀಪ ಹಚ್ಚುವ ಹೊತ್ತು, ಅಮ್ಮ ಯಾವತ್ತೂ ಮಲಗಿದ ಹೊತ್ತಲ್ಲ. ಅಪ್ಪಯ್ಯ ಎತ್ತಿದರು.

"ಅಮ್ಮ ಮನ್ಕಂಡಿತ್ತ್. ಮಧ್ಯಾಹ್ನ ಮನ್ಕಂಡದ್ದ್ ಇನ್ನೂ ಎದ್ದಿಲ್ಲ. ಎಬ್ಸ್ಕಾ?"

"ಬೇಡ ಅಪ್ಪಯ್ಯ" ಎಂದೆ. "ಮನ್ಕಣ್ಲಿ."