ಆಯಿ ಉಡಿ ತುಂಬಿದ ತೋಟಾ ಬಂದೂಕು

ನಮ್ಮ ಟಿಕೋಟಾದಲ್ಲಿ ಒಂದು ಕಾಲಕ್ಕೆ ಬಂದೂಕು ಮಾಡುತ್ತಿದ್ದರು ಅಂದರೆ ಈಗಿನ ಹುಡುಗರು ನನ್ನ ಮುಖ ನೋಡಿ ನಗುತ್ತಾರೆ. ನಗಲಿ, ನನಗೇನು! ಅರವತ್ತರ ದಶಕದ ಮೊದಲ ವರ್ಷಗಳ ಮಾತು ಇದು. ನಮ್ಮ ಓಣಿಗೆ ಕಾಲಿಟ್ಟವರ ಮೂಗಿಗೆ ಮೊದಲು ಇದ್ದಿಲ ಹೊಗೆ, ಆಮೇಲೆ ಕೆಂಪಗೆ ಕಾದ ಕಬ್ಬಿಣವನ್ನು ಎಣ್ಣೆಯಲ್ಲಿ ಅದ್ದಿದ ಘಾಟು ಬಡಿಯುತ್ತಿತ್ತು. ಅದರ ನಡುವೆಯೇ ಅವ್ವ ಹುರಿಯುವ ಶೇಂಗಾದ ವಾಸನೆಯೂ ಸೇರಿ ಹೊಟ್ಟೆ ಚುರುಗುಟ್ಟುತ್ತಿತ್ತು. ಮನೆಯ ಮುಂದಿನ ಪಡಸಾಲೆಯೇ ಅಪ್ಪನ ಕಾರ್ಖಾನೆ. ಕೊಡಲಿ, ಕುಡುಗೋಲು, ಕುರಿಗಾರರ ಚಾಕು, ಬೆಂಕಿ ಹೊತ್ತಿಸುವ ಚಕಮಕಿ ಎಲ್ಲ ಅಲ್ಲೇ ತಯಾರಾಗುತ್ತಿದ್ದವು. ಸರ್ಕಾರದ ಲೈಸೆನ್ಸು ಅಜ್ಜನ ಕಾಲದಿಂದ ಇದ್ದದ್ದರಿಂದ ವರ್ಷಕ್ಕೆ ಒಂದಿಷ್ಟು ಬಂದೂಕೂ ಆಗುತ್ತಿದ್ದವು.

ಬಂದೂಕು ಅಂದರೆ ಸುಮ್ಮನೆ ಅಲ್ಲ. ಹೊಸ ನಳಿಕೆ ತಯಾರಾದ ದಿನ ಅಪ್ಪ ಅದನ್ನು ಹಿತ್ತಲ ಬೇವಿನ ಮರಕ್ಕೆ ಬಿಗಿದು ಕಟ್ಟಿ, ಇಮ್ಮಡಿ ಮದ್ದು ತುಂಬಿ, ಗೋಡೆಯ ಹಿಂದೆ ಕೂತು ಹಗ್ಗ ಎಳೆದು ಹಾರಿಸುತ್ತಿದ್ದ. ಆ ಹೊತ್ತಿಗೆ ಕುಂಟಬಿಲ್ಲೆ ಆಡುತ್ತಿದ್ದ ನಮ್ಮನ್ನೆಲ್ಲ ಅವ್ವ ಕೋಳಿಮರಿ ಅಟ್ಟಿದ ಹಾಗೆ ಒಳಗೆ ಅಟ್ಟುತ್ತಿದ್ದಳು. ಸದ್ದಾಗುವವರೆಗೆ ನಾನು ಕಿವಿ ಮುಚ್ಚಿಕೊಂಡು ಕಣಜದ ಮೂಲೆಯಲ್ಲಿ ಕೂತಿರುತ್ತಿದ್ದೆ. ಅಜ್ಜನ ಎಡಗೈಯಲ್ಲಿ ಹೆಬ್ಬೆರಳು ಬಿಟ್ಟರೆ ಬೇರೆ ಬೆರಳು ಇರಲಿಲ್ಲ. ಒಮ್ಮೆ ನಳಿಕೆಯ ಬಾಯಲ್ಲಿ ಹಸಿ ಮಣ್ಣು ಮೆತ್ತಿಕೊಂಡದ್ದು ಕಾಣದೆ ಹಾರಿಸಿದ್ದನಂತೆ. ಬಾಯಿ ಕಟ್ಟಿದ ಬಂದೂಕು ಮುಂದೆ ಹಾರುವುದಿಲ್ಲ, ಹಿಡಿದವನ ಕೈಯಲ್ಲೇ ಸಿಡಿದು ಹರಿಯುತ್ತದೆ ಎಂದು ನಮ್ಮ ಮನೆಯ ಕೂಸುಗಳಿಗೂ ಗೊತ್ತಿತ್ತು.

ಇನ್ನೊಂದು ಪದ್ಧತಿ ಇತ್ತು, ಅದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮಲ್ಲಿ ಹೊಸ ಬಂದೂಕೆಂದರೆ ಮನೆಮಗಳು. ಗಂಡನ ಮನೆಗೆ ಹೊರಟ ಮಗಳನ್ನು ಬರಿಗೈಲಿ ಕಳಿಸುತ್ತಾರೇನು? ಆಯಿ, ಅಂದರೆ ನಮ್ಮ ಅಜ್ಜಿ, ಬಂದೂಕಿಗೆ ಉಡಿ ತುಂಬುತ್ತಿದ್ದಳು. ಒಂದು ಅರಿಶಿನದ ಕೊಂಬು, ಒಂದು ಅಡಿಕೆ, ಚಿಟಿಕೆ ಅಕ್ಕಿಯನ್ನು ಹಳದಿ ಅರಿವೆಯಲ್ಲಿ ಗಂಟು ಕಟ್ಟಿ, ನಳಿಕೆಯ ಬಾಯೊಳಗೆ ಬೆರಳುದ್ದ ತುರುಕಿ, "ಹ್ವಾದ ಮನಿ ಕಾಯವ್ವಾ" ಅನ್ನುತ್ತಿದ್ದಳು. ಒಯ್ದವರು ಮನೆ ಮುಟ್ಟಿದ ಕೂಡಲೇ ಗಂಟು ತೆಗೆದು ದೇವರ ಮುಂದೆ ಇಡಬೇಕು. ಹಳೇ ಬಂದೂಕುಗಳಲ್ಲಿ ಇದರಿಂದ ಏನೂ ಅಪಾಯವಿರಲಿಲ್ಲ. ಅವುಗಳಿಗೆ ಬಾಯಿಂದಲೇ ಮದ್ದು ಸುರಿದು, ಗಜ ಅನ್ನುವ ಉದ್ದ ಸಲಾಕೆಯಿಂದ ಜಡಿಯಬೇಕು. ಮರೆತವನಿಗೂ ಗಂಟು ಬಾಯಲ್ಲೇ ಎದುರಾಗುತ್ತಿತ್ತು.

ಆ ವರ್ಷ ಅಪ್ಪ ಮೊದಲ ಸಲ ತೋಟಾ ಬಂದೂಕು ಮಾಡಿದ. ಅದನ್ನು ನಡುವೆ ಮಡಚಿ, ಹಿಂದಿನಿಂದ ತೋಟಾ, ಅಂದರೆ ಮದ್ದುಗುಂಡು ತುಂಬಿದ ಕಾಡತೂಸು, ಇಟ್ಟು, ಕುದುರೆ ಅನ್ನುವ ಕೊಕ್ಕೆಯನ್ನು ಬೆರಳಿಂದ ಎಳೆದು ಹಾರಿಸುವುದು. ಗಜ ಬೇಕಿಲ್ಲ, ಬಾಯಿ ಕಡೆ ಯಾರೂ ನೋಡುವುದೂ ಇಲ್ಲ. ಮಾಡಿಸಿದವನು ಬಬಲೇಶ್ವರದ ಆಚೆ ಹೊಲದಲ್ಲೇ ಮನೆ ಮಾಡಿಕೊಂಡಿದ್ದ ಕುರಿಗಾರ ಮಾಳಪ್ಪ. ಕುರಿಗೆ ತೋಳ, ಶೇಂಗಾಕ್ಕೆ ಹಂದಿ, ಎರಡರ ಕಾಟದಿಂದ ಅವನು ರೋಸಿ ಹೋಗಿದ್ದ. ಕಾಗದಪತ್ರ ಎಲ್ಲ ಮುಗಿದಿತ್ತು. ಹಬ್ಬ ಕಳೆದ ಮೇಲೆ ಬಾ, ಹಾರಿಸುವುದನ್ನು ಕಲಿಸಿ ಕೊಡುತ್ತೇನೆ ಎಂದು ಅಪ್ಪ ಹೇಳಿ ಕಳಿಸಿದ್ದ.

ಆದರೆ ಹೊಸ ಬಂದೂಕಿನ ಆಸೆ ಯಾರನ್ನು ಬಿಟ್ಟೀತು! ದಸರೆಯ ಬನ್ನಿ ಹಬ್ಬದ ದಿನ ಬೆಳಿಗ್ಗೆಯೇ ಮಾಳಪ್ಪ ಚಕ್ಕಡಿ ಕಟ್ಟಿಕೊಂಡು ಬಂದುಬಿಟ್ಟ. ಜೊತೆಗೆ ಅವನ ಮಗಳು ಗಂಗಿ, ನನ್ನ ವಯಸ್ಸಿನವಳೇ. ಅಪ್ಪ ಮನೆಯಲ್ಲಿರಲಿಲ್ಲ. ದುರಸ್ತಿಗೆ ಬಂದಿದ್ದ ಕೊಡಲಿಗಳನ್ನು ಪೂಜೆಯೊಳಗೆ ಮುಟ್ಟಿಸಬೇಕೆಂದು ನಸುಕಿನಲ್ಲೇ ಇಟ್ಟಂಗಿಹಾಳಕ್ಕೆ ಸೈಕಲ್ ಹೊಡೆದಿದ್ದ.

"ಹೆಂಗೂ ವಿಜಾಪುರದಿಂದ ತೋಟಾ ತಂದಿಟ್ಟೇನಿ ಯವ್ವಾ. ಇವತ್ತ ಬನ್ನಿ ಮುಡಿಯೂ ಹೊತ್ತಿಗೆ ಮೊದಲನೇ ಸದ್ದು ಆಗಬೇಕು. ಕೊಟ್ಟುಬಿಡ್ರಿ," ಎಂದು ಮಾಳಪ್ಪ ಕೈ ಮುಗಿದ.

ಹಬ್ಬದ ದಿನ ಬಂದವನನ್ನು ಬರಿಗೈಲಿ ಕಳಿಸಬಾರದೆಂದು ಅವ್ವ ಒಪ್ಪಿದಳು. ಮಾಳಪ್ಪ ಹೊರಗೆ ಎತ್ತಿಗೆ ನೀರು ಕುಡಿಸುವಾಗ ಆಯಿ ಒಳಗೆ ಸಡಗರದಿಂದ ಉಡಿ ತುಂಬಿದಳು. ಅವರು ಆ ಕೆಲಸದಲ್ಲಿರುವಾಗ ಗಂಗಿ ಮತ್ತು ನಾನು ಹಿತ್ತಲಲ್ಲಿ ಗಜ್ಜುಗ ಆಡಿದೆವು. ಅವಳ ಬಾಯಿ ಒಂದು ನಿಮಿಷ ಸುಮ್ಮನಿರಲಿಲ್ಲ.

"ಮಮದಾಪುರದ ದಾರಿ ಹಿಡಿದ್ರ ಎಡಕ್ಕ ಜೋಡಿ ಬೇವಿನ ಗಿಡ ಬರ್ತಾವ. ಅದರ ಹಿಂದನ ನಮ್ಮ ಮನಿ. ಬನ್ನಿ ಗಿಡಾನೂ ನಮ್ಮ ಹೊಲದಾಗ ಐತಿ ಮತ್ತ!" ಅಂದಳು. "ನಮ್ಮಪ್ಪ ಹಾರಸೂವಾಗ ನಾ ಅವನ ಧೋತರ ಹಿಡಕೊಂಡು ಮಗ್ಗಲಕ್ಕ ನಿಂದರಾಕಿ. ನಾ ಅಂಜಂಗಿಲ್ಲ. ನೀ ಅಂಜಬುರಕಿ."

"ನೀನ ಅಂಜಬುರಕಿ," ಎಂದು ನಾನು ಅವಳ ಜಡೆ ಎಳೆದೆ. ಅವರ ಚಕ್ಕಡಿ ಹೊರಟಿತು.

ಅಪ್ಪ ಬಂದಾಗ ಮಧ್ಯಾಹ್ನ ಇಳಿದಿತ್ತು. ಅವ್ವ ಹೋಳಿಗೆ ಬಡಿಸಿ, ತುಪ್ಪ ಹಾಕುತ್ತ ಹೇಳಿದಳು, "ಮಾಳಪ್ಪ ಬಂದಿದ್ದ. ಬಂದೂಕ ಒಯ್ದ."

"ಒಯ್ದನಾ? ಹಾರಸಾಕ ಬರಂಗಿಲ್ಲ ಅವಗ." ಅಪ್ಪ ತುತ್ತು ಮುರಿಯುತ್ತಿದ್ದವನು ಕೈ ನಿಲ್ಲಿಸಿದ. "ಉಡಿ ತುಂಬಿದ್ರೇನು?"

"ತುಂಬಲಾರದ ಕಳಸ್ತೀವೇನು? ಅತ್ತೀನ ತುಂಬಿದ್ರು."

"ಗಂಟು ತಗೀಬೇಕಂತ ಅವಗ ಹೇಳಿದ್ರ್ಯಾ?"

ಅವ್ವ ಬೆಪ್ಪಾಗಿ ನೋಡಿದಳು. "ಹೇಳೂದೇನೈತಿ? ಎಲ್ಲಾರಿಗೂ ಗೊತ್ತಿದ್ದದ್ದ ಅಲ್ಲಾ?"

ಗೊತ್ತಿದ್ದದ್ದೇ, ಹಳೇ ಬಂದೂಕಿನವರಿಗೆ. ಮಾಳಪ್ಪ ಹುಟ್ಟಿದಾರಭ್ಯ ಬಂದೂಕು ಮುಟ್ಟಿದವನಲ್ಲ. ಅಪ್ಪನ ಮುಖದ ಬಣ್ಣ ಹೋಯಿತು, ಎಂಜಲಗೈಯಲ್ಲೇ ಎದ್ದ. "ಯಪ್ಪಾ, ಹಿಂದಿಂದ ತೋಟಾ ಇಟ್ಟು ಎಳದ್ರ ಮುಗೀತು. ಅವನ ಮಾರಿಮ್ಯಾಲೆ ಹರೀತೈತಿ ಅದು!"

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಕಂಡದ್ದು ಮಾಳಪ್ಪನ ಮುಖವಲ್ಲ, ಮಗ್ಗುಲಲ್ಲಿ ಧೋತರ ಹಿಡಿದು ನಿಂತ ಗಂಗಿ. "ಅಪ್ಪಾ, ಗಂಗೀನೂ ಅಲ್ಲೇ ನಿಂದರ್ತಾಳಂತ!" ಎಂದು ಚೀರಿದೆ.

ಹಬ್ಬದ ದಿನ ಬಸ್ಸಿಲ್ಲ, ಜೀಪಿಲ್ಲ. ಇದ್ದದ್ದು ಸೈಕಲ್ ಒಂದೇ. ಅವರ ಹೊಲದ ಮನೆ ಎಲ್ಲಿ ಎಂದು ಅಪ್ಪನಿಗೆ ಸರಿಯಾಗಿ ಗೊತ್ತಿರಲಿಲ್ಲ. ಮಮದಾಪುರದ ದಾರಿ, ಜೋಡಿ ಬೇವು ಎಂದು ನಾನು ಹೇಳಿದ ಕೂಡಲೇ ನನ್ನನ್ನೆತ್ತಿ ಮುಂದಿನ ದಂಡಿಗೆಯ ಮೇಲೆ ಕೂಡಿಸಿದ. ಹೊರಗೆ ಕಟ್ಟೆಯ ಮೇಲಿದ್ದ ಆಯಿ, "ಎಲ್ಲಿಗಿ ಹೊಂಟ್ರಿ, ಬನ್ನಿ ಕೊಡೂ ಹೊತ್ತಿನ್ಯಾಗ?" ಎಂದು ಕೇಳಿದಳು. "ಮಾಳಪ್ಪಗ ಹಾರಸೂದು ಕಲಸಾಕ," ಅಂದ ಅಪ್ಪ ಆಗಲೇ ತುಳಿಯತೊಡಗಿದ್ದ.

ಅಡ್ಡದಾರಿ ಹಿಡಿದೆವು. ಎರೆಮಣ್ಣಿನ ಚಕ್ಕಡಿ ಹಾದಿ, ಒಣಗಿ ಗಟ್ಟಿಯಾದ ಗಾಲಿಯ ಜಾಡು. ಸೈಕಲ್ ಕುಪ್ಪಳಿಸಿದಾಗೆಲ್ಲ ನನ್ನ ತೊಡೆ ಜಜ್ಜುತ್ತಿತ್ತು. ಅಪ್ಪನ ಏದುಸಿರು ನನ್ನ ತಲೆಯ ಮೇಲೆ, ಎದೆಬಡಿತ ನನ್ನ ಬೆನ್ನಿಗೆ. ನಡುನಡುವೆ ಅವನು ನನ್ನನ್ನಲ್ಲ, ತನ್ನನ್ನೇ ಬೈದುಕೊಳ್ಳುತ್ತಿದ್ದ. ಸೂರ್ಯ ಇಳಿಯುವುದನ್ನು ನೋಡಲಾರದೆ ನಾನು ಕಣ್ಣು ಮುಚ್ಚಿಕೊಂಡೆ. ಮುಚ್ಚಿದರೆ ಗಂಗಿ ಕಾಣುತ್ತಿದ್ದಳು, ಮತ್ತೆ ತೆರೆಯುತ್ತಿದ್ದೆ.

ಬಬಲೇಶ್ವರದ ಮನೆಗಳು ದೂರದಲ್ಲಿ ಕಾಣಿಸಿದವು. ಆಗ ಕೇಳಿತು ಆ ಸದ್ದು. ಢಂ ಎಂದು ಒಂದೇ ಸಲ. ಹೊಲದ ಬೆಳ್ಳಕ್ಕಿಗಳು ಒಟ್ಟಿಗೆ ಮೇಲೆದ್ದವು. ಅಪ್ಪ ಸೈಕಲ್ ನಿಲ್ಲಿಸಿ ಕಾಲೂರಿದ. "ಮುಗೀತು," ಅಂದ. ಅಷ್ಟೇ. ಹಣೆಯನ್ನು ನನ್ನ ನೆತ್ತಿಗೆ ಊರಿದ. ನಾನು ಲಂಗದಲ್ಲೇ ಉಚ್ಚೆ ಹೊಯ್ದುಕೊಂಡೆ. ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ, ನೀವು ಆ ದಾರಿಯಲ್ಲಿದ್ದರೆ ನಿಮ್ಮದೂ ಅದೇ ಗತಿ.

ಸ್ವಲ್ಪ ಹೊತ್ತಿಗೆ ಅದೇ ದಿಕ್ಕಿನಿಂದ ಇನ್ನೊಂದು ಸದ್ದು ಬಂತು. ಅಪ್ಪ ತಲೆ ಎತ್ತಿದ. "ಒಂದ ಕಡಿಂದ ಎರಡ ಸಲ ಬಂತಲ್ಲ. ಹರಿದ ಬಂದೂಕ ಎರಡನೇ ಸಲ ಹಾರಂಗಿಲ್ಲ. ಅವು ಬನ್ನಿಗೆ ಹಾರಸೂ ಊರ ಗೌಡರ ಬಂದೂಕ ಇರಬೇಕು. ಗಟ್ಟಿ ಹಿಡಕೋ ಮಗಳ!" ಎಂದು ಮತ್ತೆ ತುಳಿದ. ಇರಬೇಕು ಅಂದನೇ ಹೊರತು ಹೌದು ಅನ್ನಲಿಲ್ಲ. ಆ ಎರಡರಲ್ಲಿ ಒಂದು ಮಾಳಪ್ಪನದೇ ಆಗಿದ್ದರೆ ಎಂದು ಹೆದರಿ ನಾನು ಹ್ಯಾಂಡಲ್ ಬಿಗಿ ಹಿಡಿದೆ.

ಊರು ದಾಟಿದೆವು. ಜೋಡಿ ಬೇವು ಕಂಡಿತು. ಅದರ ಹಿಂದೆ ಡೊಳ್ಳಿನ ಸದ್ದು. ಡೊಳ್ಳು ಬಡಿಯುತ್ತಿದ್ದಾರೆ ಅಂದರೆ ಯಾರೂ ಸತ್ತಿಲ್ಲ ಎಂದು ನನಗೆ ಹೊಳೆದು, ಅಳು ಉಕ್ಕಿಬಂತು. ಬನ್ನಿ ಮರದ ಸುತ್ತ ಜನ ನಿಂತಿದ್ದರು. ನಡುವೆ ಕಂಬಳಿ ಹೊದ್ದ ಮಾಳಪ್ಪ ಬಂದೂಕನ್ನು ಭುಜಕ್ಕೆ ಏರಿಸುತ್ತಿದ್ದ. ಪಕ್ಕದಲ್ಲಿ, ಹೇಳಿದ ಮಾತಿನಂತೆಯೇ, ಧೋತರ ಹಿಡಿದ ಗಂಗಿ.

"ಮಾಳಪ್ಪಾ! ಹಾರಸಬ್ಯಾಡೋ!" ಅಪ್ಪ ಕೂಗಿದ. ಡೊಳ್ಳಿನ ಅಬ್ಬರದಲ್ಲಿ ಯಾರಿಗೂ ಕೇಳಲಿಲ್ಲ. ಅಪ್ಪ ಸೈಕಲ್ಲನ್ನೂ ನನ್ನನ್ನೂ ಒಟ್ಟಿಗೆ ಕೆಳಗೆ ಬಿಟ್ಟು ಓಡಿದ. ಮಂದಿಯನ್ನು ನೂಕಿ, ನೇರವಾಗಿ ಹೋಗಿ ಬಂದೂಕಿನ ಬಾಯಿಗೆ ತನ್ನ ಎದೆ ಕೊಟ್ಟು ನಿಂತ. ಎದುರಿಗೆ ಮನುಷ್ಯ ನಿಂತರೆ ಯಾರೂ ಕುದುರೆ ಎಳೆಯುವುದಿಲ್ಲವೆಂಬ ನಂಬಿಕೆ ಒಂದೇ ಅವನಿಗೆ ಆಗ ಉಳಿದಿದ್ದದ್ದು. ಮಾಳಪ್ಪನ ಬೆರಳು ಕುದುರೆಯ ಮೇಲಿತ್ತು. ನಾನು ಬಿದ್ದಲ್ಲಿಂದ ನೋಡುತ್ತಿದ್ದೆ.

ಡೊಳ್ಳು ನಿಂತಿತು. "ಕುದುರಿ ಮ್ಯಾಲಿಂದ ಬಟ್ಟ ತಗೀ," ಅಂದ ಅಪ್ಪ, ಮೆಲ್ಲಗೆ, ಹೆದರಿದ ಎತ್ತಿನ ಜೊತೆ ಮಾತಾಡುವ ಹಾಗೆ. "ಮೊದಲ ಬಟ್ಟ ತಗೀ ತಮ್ಮಾ."

ಮಾಳಪ್ಪ ಬೆರಳು ತೆಗೆದ. ಅಪ್ಪ ಬಂದೂಕನ್ನು ಇಸಿದುಕೊಂಡು, ಮಡಚಿ, ತೋಟಾ ಹೊರಗೆ ತೆಗೆದ. ನಳಿಕೆಯನ್ನು ಮುಳುಗುವ ಸೂರ್ಯನ ಕಡೆ ಹಿಡಿದು, "ಹಿಂದಿಂದ ನೋಡು," ಅಂದ. ಮಾಳಪ್ಪ ನೋಡಿದ. ಬೆಳಕು ಬರಬೇಕಾದಲ್ಲಿ ಕತ್ತಲೆ. ಅಪ್ಪ ಬೇಲಿಯ ಜಾಲಿ ಮುಳ್ಳು ಮುರಿದು ಬಾಯೊಳಗೆ ಹಾಕಿ ಎಳೆದ. ಹಳದಿ ಗಂಟು ಹೊರಬಂದು, ಬಿಚ್ಚಿ, ಅಕ್ಕಿ ಕಾಳು ಮಣ್ಣಿಗೆ ಉದುರಿದವು.

ಒಬ್ಬ ಮುದುಕ ಕೋಲು ಎತ್ತಿಕೊಂಡು ಬಂದ. "ಕೊಲ್ಲಾಕಂತ ಮಾಡಿಕೊಟ್ಟಿಯೇನಲೇ ಕಮ್ಮಾರಾ?"

"ಸುಮ್ನಿರ ಕಾಕಾ," ಅಂದ ಮಾಳಪ್ಪ. ಅವನ ತುಟಿ ಬಿಳುಚಿತ್ತು, ಎರಡೂ ಕೈಯಿಂದ ಗಂಗಿಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಿದ್ದ. "ಕೊಲ್ಲಾವ ಎದಿ ಕೊಡಾಕ ಬರ್ತಿದ್ದನೇನು?"

ಆಗ ಅಪ್ಪ ಅಲ್ಲೇ ಮಣ್ಣಲ್ಲಿ ಕುಸಿದು ಕೂತ. ಗಂಗಿಯ ಅವ್ವ ತಂಬಿಗೆ ತಂದು ಕೊಟ್ಟಳು. ಕೈ ನಡುಗಿ ನೀರೆಲ್ಲ ಅಂಗಿಯ ಮೇಲೆ ಚೆಲ್ಲಿತು. ಕಡೆಗೆ ಮಾಳಪ್ಪನೇ ತಂಬಿಗೆ ಹಿಡಿದು ಕುಡಿಸಿದ. ಗಂಗಿಗೆ ಏನಾಯಿತೆಂದೇ ತಿಳಿದಿರಲಿಲ್ಲ, ಸದ್ದಾಗಲಿಲ್ಲವೆಂದು ಮುಖ ಊದಿಸಿಕೊಂಡಿದ್ದಳು. ನಾನು ಅವಳನ್ನು ತಬ್ಬಿಕೊಂಡು ಬಿಡಲೇ ಇಲ್ಲ. "ಯಾಕಬೇ ಅಳ್ತಿ? ಬಿಡಬೇ, ಒದ್ದಿ ಆಗೀದಿ," ಎಂದು ಅವಳು ನನ್ನನ್ನು ದೂಡುತ್ತಿದ್ದಳು.

ಮರುದಿನ ಮನೆ ಸೇರುವ ಮುಂಚೆ ಅಪ್ಪ ಹೇಳಿದ, "ಆಯಿಗಿ ಹೇಳಬ್ಯಾಡ. ತಡಕೊಳ್ಳಂಗಿಲ್ಲ." ಆಯಿ ಕಟ್ಟೆಯ ಮೇಲೆಯೇ ಕಾಯುತ್ತಿದ್ದಳು. "ಮಗಳು ಚೊಲೋತ್ನಂಗ ಮುಟ್ಟಿದಳೇನೋ?" ಎಂದು ಕೇಳಿದಳು. ಅಪ್ಪ ಅವಳ ಕಾಲಿಗೆ ಬಿದ್ದು ಬನ್ನಿ ಕೊಟ್ಟು, "ಮುಟ್ಟಿದಳವ್ವಾ, ಸುಖದಾಗ ಅದಾಳ," ಅಂದ. ಆಯಿ ಸಾಯುವವರೆಗೂ ಅವಳಿಗೆ ವಿಷಯ ಗೊತ್ತಾಗಲಿಲ್ಲ. ಉಡಿಯ ಗಂಟನ್ನು ಮಾತ್ರ ಅಪ್ಪ ಆಮೇಲೆ ಹಿಡಿಕೆಗೆ ಕಟ್ಟಿಸತೊಡಗಿದ. ತಾನೇ ಒಯ್ದು, ತನ್ನ ಕೈಯಾರೆ ಮೊದಲ ಸದ್ದು ಮಾಡಿ ತೋರಿಸದೆ ಯಾರಿಗೂ ಬಂದೂಕು ಕೊಡಲಿಲ್ಲ.

ಕೆಲವು ವರ್ಷಗಳಲ್ಲಿ ಕೆಲಸವೇ ಕಡಿಮೆಯಾಯಿತು. ದೊಡ್ಡ ಕಂಪನಿಗಳ ಮಾಲು ಪೇಟೆಗೆ ಬಂತು, ಕುಲುಮೆ ಆರಿತು, ಪಡಸಾಲೆಯಲ್ಲಿ ಈಗ ನನ್ನ ತಮ್ಮನ ಮಗ ಮೋಟಾರು ಪಂಪು ರಿಪೇರಿ ಮಾಡುತ್ತಾನೆ. ಗಂಗಿಯೂ ಈಚೆಗೆ ತೀರಿಕೊಂಡಳು, ಮುಪ್ಪಿನಲ್ಲಿ, ಹಾಸಿಗೆಯಲ್ಲಿ, ಮೊಮ್ಮಕ್ಕಳ ನಡುವೆ. ಅಷ್ಟು ಬಾಳು ಅವಳಿಗೆ ಸಿಕ್ಕಿತು.

ಹೋದ ತಿಂಗಳು ಮೊಮ್ಮಗ ಹಂದಿ ಬೆದರಿಸಲು ಗಾಳಿಯ ಒತ್ತಡದಿಂದ ಸಣ್ಣ ಸೀಸದ ಕಾಳು ಹಾರಿಸುವ ಛರ್ರೆ ಬಂದೂಕು ಬೇಕೆಂದು ನನ್ನನ್ನು ವಿಜಯಪುರದ ಅಂಗಡಿಗೆ ಕರೆದೊಯ್ದ. ಅಂಗಡಿಯವನು ರಟ್ಟಿನ ಡಬ್ಬಿ ಮುಂದಿಟ್ಟ. ಇದನ್ನು ಮಾಡಿದವರು ಯಾರಪ್ಪಾ ಎಂದು ಕೇಳಿದೆ.

"ಕಂಪನಿ ಮಾಲ್ ರೀ ಅಜ್ಜಿ. ಯಾರಂತ ಹೇಳೂನು?"

"ಏನರ ಹೆಚ್ಚುಕಡಿಮಿ ಆದ್ರ ಯಾರ ಬರ್ತಾರ?"

"ಯಾರೂ ಬರಂಗಿಲ್ಲರಿ. ಡಬ್ಬಿ ಮ್ಯಾಲೆ ಫೋನ್ ನಂಬರ್ ಐತಿ ನೋಡ್ರಿ."

ನಾನು ಡಬ್ಬಿಯನ್ನು ಮೊಮ್ಮಗನ ಕಡೆ ಸರಿಸಿದೆ. ತಾನು ಮಾಡಿದ ವಸ್ತುವಿಗಾಗಿ ಅಪ್ಪ ಆ ಸಂಜೆ ನಡುಗಿದನಲ್ಲ, ಹಾಗೆ ನಡುಗುವ ಮನುಷ್ಯನನ್ನು ಆಮೇಲೆ ನಾನು ಕಂಡಿಲ್ಲ.