ವಾಷಿಂಗ್ಟನ್ನಿನಲ್ಲಿ ಮಳೆ, ನಮ್ಮಲ್ಲಿ ಹಿಮ

ಆ ಸಂಕ್ರಾಂತಿಯ ಬೆಳಿಗ್ಗೆ ನನ್ನ ಗಂಡ ಫೋನಿನಲ್ಲಿ ಹವಾಮಾನ ನೋಡಿ, "ಬರೀ ಮಳೆ ಕಣೇ, ಸ್ನೋ ಇಲ್ಲ" ಎಂದರು.

ಅಟ್ಲಾಂಟಾ, ಕೆರೊಲಿನಾಗಳನ್ನು ತೋಯಿಸಿಕೊಂಡು ಮೇಲೇರಿ ಬರುವ ಚಳಿಗಾಲದ ಬಿರುಗಾಳಿ ನಮಗೇನು ತರುತ್ತದೆನ್ನುವುದು ಅದು ಹಿಡಿಯುವ ದಾರಿಯನ್ನು ಅವಲಂಬಿಸಿದೆ. ನಮಗಿಂತ ಪಶ್ಚಿಮಕ್ಕೆ, ಬೆಟ್ಟಗಳ ಕಡೆಯಿಂದ ಹೋದರೆ ಕಡಲಿನ ಬೆಚ್ಚನೆಯ ಗಾಳಿಯನ್ನು ನಮ್ಮತ್ತ ಎಳೆದು ಮಳೆ ಸುರಿಸುತ್ತದೆ. ಕಡಲಂಚು ಹಿಡಿದರೆ ಉತ್ತರದ ಕೊರೆಯುವ ಗಾಳಿ ಇಳಿದು ಹಿಮ ಬೀಳುತ್ತದೆ. ಇದನ್ನೆಲ್ಲ ನನ್ನ ಗಂಡ ಕಾಫಿ ಹೀರುತ್ತಾ ಪಾಠ ಮಾಡಬಲ್ಲರು. ಆದರೆ ಈ ಮಹಾಪಂಡಿತರ ಫೋನಿನಲ್ಲಿದ್ದ ಊರು ವಾಷಿಂಗ್ಟನ್. ಮೈಸೂರಿನವರಿಗೆಲ್ಲ "ವಾಷಿಂಗ್ಟನ್‌ನಲ್ಲಿದೀವಿ" ಎಂದು ಹೇಳಿ ಹೇಳಿ ಫೋನಿಗೂ ಅದನ್ನೇ ನಂಬಿಸಿದ್ದರು. ನಾವಿದ್ದದ್ದು ಕ್ಲಾರ್ಕ್ಸ್‌ಬರ್ಗ್‌ನಲ್ಲಿ, ಆ ನಗರದ ಉತ್ತರಕ್ಕೆ, ಎತ್ತರದಲ್ಲಿ. ಅಲ್ಲಿ ಮಳೆಯಾಗುವಾಗ ಇಲ್ಲಿ ಎಷ್ಟೋ ಸಲ ನೆಲ ಬೆಳ್ಳಗಾಗಿರುತ್ತದೆ.

ಆರು ವರ್ಷದ ಮಗಳು ರೇಷ್ಮೆ ಲಂಗ ಉಟ್ಟು, ಎಳ್ಳು ಬೀರಲು ಅಪ್ಪನ ಜೊತೆ ಕಾರು ಹತ್ತಿದಳು. ಇಲ್ಲಿ ಎಳ್ಳು ಬೀರುವುದೆಂದರೆ ಬೀದಿ ಸುತ್ತುವುದಲ್ಲ, ಹೈವೇ ಸುತ್ತುವುದು. ಕೊಲಂಬಿಯಾ ಎಂಬ ಊರಿಗೆ ಹೋಗಿ, ನಮ್ಮ ಪಕ್ಕದೂರು ಜರ್ಮನ್‌ಟೌನ್ ಮೂಲಕ ವಾಪಸ್. ಜಾಕೆಟ್ ಹಾಕಿದರೆ ಲಂಗ ಕಾಣುವುದಿಲ್ಲವೆಂದು ಅವಳ ಹಟ. "ಕಾರಲ್ಲಿ ಹೀಟರ್ ಇದೆ ಬಿಡೇ" ಎಂದು ಅಪ್ಪನ ಒತ್ತಾಸೆ. ಜಾಕೆಟ್ ಬಾಗಿಲ ಹಿಂದೆ ನೇತಾಡುತ್ತಾ ಉಳಿಯಿತು.

ಮಧ್ಯಾಹ್ನ ಬಿರುಗಾಳಿ ಕಡಲಿನತ್ತ ಹೊರಳಿತು. ಕಿಟಕಿಯಾಚೆ ಮಳೆಹನಿ ನಿಧಾನವಾಯಿತು, ದಪ್ಪಗಾಯಿತು, ಬೆಳ್ಳಗಾಯಿತು. ಆಗ ಗಂಡನ ಫೋನ್ ಬಂತು.

"ಜರ್ಮನ್‌ಟೌನ್ ದಾಟಿ ಸ್ಟಕ್ ಆಗಿದೀವಿ. ಮುಂದೆ ಕಾರುಗಳು ಅಡ್ಡ ನಿಂತಿವೆ. ಪೆಟ್ರೋಲ್ ಬೇರೆ ಕಮ್ಮಿ ಇದೆ, ಹೀಟರ್ ಆಫ್ ಮಾಡಿದೀನಿ."

"ಮಗು?"

"ಅಮ್ಮಾ, ಐ ಆಮ್ ಕೋಲ್ಡ್" ಎಂದು ಅವಳ ದನಿ ಕೇಳಿಸಿತು. ಅಷ್ಟರಲ್ಲಿ ಅವರ ಫೋನಿನ ಚಾರ್ಜ್ ಮುಗಿದು ಲೈನ್ ಸತ್ತಿತು.

ನಾನು ಕೀ ಹಿಡಿದು ಹೊರಗೋಡಿದೆ. ನನ್ನ ಕಾರು ತೆಗೆದರೆ ಅದು ಮನೆ ಮುಂದಿನ ಇಳಿಜಾರಿನಲ್ಲೇ ಜಾರಿ ಅಡ್ಡ ತಿರುಗಿತು; ಅಲ್ಲೇ ಬಿಟ್ಟು ಬಂದೆ. ಅವಳ ಜಾಕೆಟ್ಟನ್ನು ಎದೆಗವುಚಿಕೊಂಡು ಕಿಟಕಿ ಬಳಿ ನಿಂತು, ಗಂಡನನ್ನು ಬೈಯಬೇಕಾದ್ದನ್ನೆಲ್ಲ ಸಾಲಾಗಿ ಜೋಡಿಸಿದೆ. ಮದುವೆಯಾದಂದಿನಿಂದ ಕೂಡಿಟ್ಟದ್ದೂ ಅದರಲ್ಲಿತ್ತು. ಬೈಗುಳ ಮುಗಿದು ಬರೀ ಭಯ ಉಳಿಯಿತು. ಭಯ ತಡೆಯಲಾಗದೆ ಮತ್ತೆ ಬೈಯತೊಡಗಿದೆ.

ಕತ್ತಲಾಗುವ ಹೊತ್ತಿಗೆ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುವ ಲಾರಿಯೊಂದು ತಿರುವಿನಲ್ಲಿ ಕಂಡಿತು. ಅದರ ಹಿಂದೆ ಆಮೆಯಂತೆ ನಮ್ಮ ಕಾರು. ನಾನು ಬಾಗಿಲು ತೆರೆದೆ, ಬಾಯಿಯನ್ನೂ ತೆರೆದೆ.

ಮಗಳು ಅಪ್ಪನ ಜಾಕೆಟ್ಟಿನೊಳಗೆ ಮುಳುಗಿಹೋಗಿದ್ದಳು. ಅದರ ತೋಳು ನೆಲ ಗುಡಿಸುತ್ತಿತ್ತು. ಕಾಲಿಗೆ ಅವರ ಸಾಕ್ಸು. ಅವಳ ಹಿಂದೆ ಅವರು ಹಬ್ಬದ ತೆಳ್ಳನೆಯ ಜುಬ್ಬಾದಲ್ಲಿ, ಬರಿಗಾಲಿಗೆ ಷೂ ಹಾಕಿಕೊಂಡು ನಿಂತಿದ್ದರು. ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು.

"ಅಮ್ಮಾ, ಲಾಸ್ಟ್ ಒಂದು ನಿಂಗೆ" ಎಂದು ಮಗಳು ಉಳಿದಿದ್ದ ಎಳ್ಳಿನ ಪೊಟ್ಟಣ ಬಿಚ್ಚಿ ನನ್ನ ಬಾಯಿಗೆ ತುರುಕಿದಳು. "ನೌ ಯೂ ಹ್ಯಾವ್ ಟು ಒಳ್ಳೆ ಮಾತು."

ಒಳ್ಳೆಯ ಮಾತು ಒಂದೂ ಬರಲಿಲ್ಲ, ಅಳು ಬಂತು. ಕೈಯಲ್ಲಿದ್ದ ಅವಳ ಪುಟ್ಟ ಜಾಕೆಟ್ಟನ್ನು ಗಂಡನ ಹೆಗಲಿಗೆ ಹೊದಿಸಿದೆ. ಅದು ಅವರ ಅರ್ಧ ಬೆನ್ನಿಗೂ ಸಾಲಲಿಲ್ಲ.